ದೂರ ನಿನ್ನದು, ಹೊತ್ತು ನಮ್ಮದು

ತೀರ್ಥರಾಮೇಶ್ವರಾ, ಬೆಳಗುತ್ತಿಯ ಬೆಟ್ಟದೊಡೆಯಾ,

ಹೂವು ತಂದಿಲ್ಲ, ಕಾಯಿ ತಂದಿಲ್ಲ. ಇಂದು ನಿನ್ನ ಪಾದದ ಬಳಿ ಎರಡು ಲೆಕ್ಕ ಇಡಲು ಬಂದಿದ್ದೇನೆ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ನಮ್ಮ ಶಿವಮೊಗ್ಗದ ಸೋಗಾನೆ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 238 ಕಿಲೋಮೀಟರ್. ಹಾರಿ ಬರಲು ವೇಳಾಪಟ್ಟಿ ಹೇಳಿದ್ದು ಒಂದೂಕಾಲು ಗಂಟೆ. ಮೊದಲನೆಯದು ದೂರ, ಎರಡನೆಯದು ಹೊತ್ತು. ಈ ಎರಡರ ನಡುವೆ ನಮ್ಮಂಥವರ ಬದುಕು ಸಿಕ್ಕಿಕೊಂಡಿದೆ. ಅದನ್ನು ನಿನಗಲ್ಲದೆ ಇನ್ನಾರಿಗೆ ಹೇಳಲಿ?

ನಾನು ನ್ಯಾಮತಿಯ ಕಡೆ ಪಾಠ ಹೇಳಿಕೊಂಡಿದ್ದು ನಿವೃತ್ತನಾದ ಮೇಷ್ಟ್ರು. ಮಗ ದುಬೈಯಲ್ಲಿರುವವರು, ಮಗಳು ಅಮೆರಿಕದಲ್ಲಿರುವವರು ನನ್ನ ಜಗಲಿಗೆ ಬರುತ್ತಾರೆ. “ಇಮಾನ ಎಷ್ಟೊತ್ತಿಗೆ ಮುಟ್ಟಸ್ತತಿ ಮೇಷ್ಟ್ರೇ?” ಎಂದು ಕೇಳುತ್ತಾರೆ. ಮೊಬೈಲಿನಲ್ಲಿ ನೋಡಿ ಹೇಳುತ್ತೇನೆ. ಹೇಳಿದ ಮೇಲೂ ಅವರು ಏಳುವುದಿಲ್ಲ. ಕೇಳಬೇಕಾದದ್ದು ಇನ್ನೂ ಏನೋ ಇರುತ್ತದೆ. ಅದು ಅವರ ಬಾಯಿಗೆ ಬರುವುದಿಲ್ಲ, ನನ್ನ ಮೊಬೈಲಿಗೂ ಗೊತ್ತಿಲ್ಲ. ಆ ಉಳಿದ ಮಾತನ್ನೇ ನಿನ್ನಲ್ಲಿಗೆ ಹೊತ್ತು ತಂದಿದ್ದೇನೆ. ತಪ್ಪಿದಲ್ಲಿ ತಿದ್ದು, ತೊದಲಿದಲ್ಲಿ ತಾಳಿಕೋ.

ಮೊದಲು ದೂರದ ಮಾತು ಹೇಳಲೇ?

ದೂರವನ್ನು ನೀನು ಮಾಡಿಟ್ಟೆ. ಭೂಮಿಯನ್ನು ದುಂಡಗೆ ಮಾಡಿದ ದಿನವೇ ಎಲ್ಲಿಂದ ಎಲ್ಲಿಗೆ ಎಷ್ಟು ಎಂಬುದು ತೀರ್ಮಾನವಾಗಿಹೋಯಿತು. ದುಂಡಗಿನ ನೆಲದ ಮೇಲೆ ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿ ನಕ್ಷೆಯ ನೆಟ್ಟಗಿನ ಗೆರೆಯಲ್ಲ. ಅದು ಭೂಮಿಯನ್ನು ಸರಿಯಾಗಿ ಎರಡು ಪಾಲು ಮಾಡುವ ಮಹಾವೃತ್ತದ ಒಂದು ತುಂಡು. ಎರಡು ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಗೊತ್ತಿದ್ದರೆ ಸಾಕು, ಹೈಸ್ಕೂಲು ಮುಗಿಸಿದ ಹುಡುಗಿಯೊಬ್ಬಳು ಆ ದೂರವನ್ನು ಕಾಗದದ ಮೇಲೆ ತೆಗೆಯಬಲ್ಲಳು. ಅಷ್ಟು ದೊಡ್ಡದನ್ನು ಇಷ್ಟು ಸಣ್ಣ ತಲೆಗೆ ಎಟುಕುವಂತೆ ಇಟ್ಟೆಯಲ್ಲ, ಅದಕ್ಕೆ ಶರಣು.

ಆಕಾಶದಲ್ಲಿ ಓಡಾಡುವವರು ಇಂದಿಗೂ ದೂರವನ್ನು ನಾಟಿಕಲ್ ಮೈಲಿಯಲ್ಲಿ ಎಣಿಸುತ್ತಾರೆ. ಒಂದು ನಾಟಿಕಲ್ ಮೈಲಿ ಎಂದರೆ 1,852 ಮೀಟರ್. ಯಾವ ರಾಜನ ಮೊಳದಿಂದಲೂ ಬಂದ ಅಳತೆಯಲ್ಲ ಅದು. ಅಕ್ಷಾಂಶದ ಒಂದು ಡಿಗ್ರಿಯನ್ನು ಅರವತ್ತು ಭಾಗ ಮಾಡಿದರೆ ಒಂದು ಭಾಗದ ಉದ್ದ. ನಿನ್ನ ಭೂಮಿಯ ಮೈಯೇ ಅವರ ಅಳತೆಗೋಲು. ಆ ಗೋಲಿನಲ್ಲಿ ಅಳೆದರೆ ನಾನು ಎಷ್ಟು ಕಿರಿಯ! ನಾನು ಹುಟ್ಟಿದ್ದು, ಓದಿದ್ದು, ಮದುವೆಯಾಗಿದ್ದು, ಪಾಠ ಹೇಳಿದ್ದು ಎಲ್ಲವೂ ಒಂದು ಡಿಗ್ರಿಯ ಒಳಗೇ ಮುಗಿದುಹೋಯಿತು. ಆ ಒಂದು ಡಿಗ್ರಿಯಲ್ಲಿ ನನಗೆ ಊರು ಕೊಟ್ಟೆ, ನೆರೆಹೊರೆ ಕೊಟ್ಟೆ, ಹೊಳೆ ಕೊಟ್ಟೆ. ಕಡಿಮೆಯಾಯಿತು ಎನ್ನಲಾರೆ.

ಸರ್ಕಾರದ ಗಡಿಗೆರೆ ಓಡಾಡಿತು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಯಿತು. ಮುಖ್ಯಮಂತ್ರಿಯಾಗಿದ್ದವರು ನಮ್ಮ ಚನ್ನಗಿರಿಯ ಕಡೆಯವರೇ ಆದ ಜೆ.ಎಚ್. ಪಟೇಲರು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಿಂದ ಇತ್ತ ಬಂದವು. ಜಗಳೂರು ಚಿತ್ರದುರ್ಗದಿಂದ ಬಂತು. ಆಮೇಲೆ ಹೊನ್ನಾಳಿಯಿಂದ ಬೇರೆಯಾಗಿ ನ್ಯಾಮತಿಯೂ ತಾಲ್ಲೂಕಾಯಿತು. ಕಡತಗಳು ಗಾಡಿ ಹತ್ತಿ ಊರು ಬದಲಾಯಿಸಿದವು. ನೆಲ ಮಾತ್ರ ಒಂದು ಅಂಗುಲವೂ ಸರಿಯಲಿಲ್ಲ. ನೀನಿಟ್ಟ ದೂರ ಇಟ್ಟಲ್ಲೇ ಇದೆ.

ಹೊತ್ತು ಹಾಗಲ್ಲ ತಂದೆ. ಹೊತ್ತನ್ನು ನೀನು ನಮ್ಮ ಕೈಗೆ ಬಿಟ್ಟಿದ್ದೀಯ. ಅದನ್ನು ಕುಗ್ಗಿಸುವವರೂ ನಾವೇ, ಹಿಗ್ಗಿಸುವವರೂ ನಾವೇ. ಇದು ನನಗೆ ತಡವಾಗಿ ತಿಳಿಯಿತು. ತಿಳಿದಾಗಿನಿಂದ ಸ್ವಲ್ಪ ಭಯವೂ ಇದೆ.

2023ರ ಫೆಬ್ರವರಿ 27ರಂದು ಸೋಗಾನೆಯ ನಿಲ್ದಾಣವನ್ನು ಪ್ರಧಾನಿ ಉದ್ಘಾಟಿಸಿದರು. ಅದಕ್ಕೆ ರಾಷ್ಟ್ರಕವಿ ಕುವೆಂಪು ಅವರ ಹೆಸರು. ಮನುಷ್ಯನಿಗೆ ಮನೆಯ ಗೋಡೆ, ಜಾತಿಯ ಗೋಡೆ ಕಟ್ಟಬೇಡಿ ಎಂದು ಬದುಕಿಡೀ ಹೇಳಿದವರ ಹೆಸರನ್ನು ಊರು ಬಿಟ್ಟು ಹಾರುವ ಜಾಗಕ್ಕೆ ಇಟ್ಟಿದ್ದು ಒಪ್ಪುವ ಮಾತೇ. ಓಡುದಾರಿಯ ಉದ್ದ 3.2 ಕಿಲೋಮೀಟರ್. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂತು. ಎರಡು ಪಂಖದ ಎಟಿಆರ್ ವಿಮಾನ. ಬೆಳಿಗ್ಗೆ 9.50ಕ್ಕೆ ಹೊರಟು 11.05ಕ್ಕೆ ಇಳಿಯಬೇಕು ಎಂದು ವೇಳಾಪಟ್ಟಿ.

ಆಗ ನಾನು ಮೇಷ್ಟ್ರ ಬುದ್ಧಿಯಿಂದ ಭಾಗಾಕಾರ ಮಾಡಿದೆ. ಎಟಿಆರ್ ಗಂಟೆಗೆ ಐನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಹಾರುತ್ತದೆ. 238 ಕಿಲೋಮೀಟರಿಗೆ ಅರ್ಧ ಗಂಟೆಯೂ ಬೇಡ. ಹಾಗಾದರೆ ಉಳಿದ ಮುಕ್ಕಾಲು ಗಂಟೆ ಎಲ್ಲಿ ಹೋಯಿತು?

ನೀನು ನಕ್ಕಿರಬೇಕು. ಆ ಮುಕ್ಕಾಲು ಗಂಟೆಯಲ್ಲೇ ಮನುಷ್ಯರಿದ್ದಾರೆ. ಬಾಗಿಲು ಮುಚ್ಚಿ ಚಕ್ರದ ಅಡ್ಡೆ ತೆಗೆಯುವವನಿದ್ದಾನೆ. ಬೆಂಗಳೂರಿನಲ್ಲಿ ಓಡುದಾರಿಯ ತುದಿಗೆ ಉರುಳಿಕೊಂಡು ಹೋಗಿ ಸರದಿ ಕಾಯಬೇಕು. ಗೋಪುರದಲ್ಲಿ ಕೂತವಳು ಇವರಿಗೆ ಹೋಗಿ ಎನ್ನಬೇಕು, ಇನ್ನೊಬ್ಬರಿಗೆ ತಡೆಯಿರಿ ಎನ್ನಬೇಕು. ಏರುವಾಗ ವೇಗ ಕಡಿಮೆ, ಇಳಿಯುವಾಗ ಇನ್ನೂ ಕಡಿಮೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಅದಕ್ಕೆ ಎದುರಾಗಿ ಇಳಿಯಬೇಕು, ಅದಕ್ಕಾಗಿ ಸುತ್ತು ಹಾಕಬೇಕು. ಮಲೆನಾಡಿನ ಮೋಡ ನೆಲವನ್ನು ಮುಚ್ಚಿದ್ದರೆ ಕಾಯಬೇಕು, ಕೆಲವೊಮ್ಮೆ ಬಂದ ದಾರಿಯಲ್ಲೇ ಹಿಂದಿರುಗಬೇಕು. ವಿಮಾನದವರು ಲೆಕ್ಕ ಹಿಡಿಯುವುದು ಹೊರಡುವಲ್ಲಿ ಅಡ್ಡೆ ತೆಗೆದ ಗಳಿಗೆಯಿಂದ, ಸೇರುವಲ್ಲಿ ಅಡ್ಡೆ ಇಟ್ಟ ಗಳಿಗೆಯವರೆಗೆ. ನಾನು ಅರ್ಧ ಗಂಟೆಯ ದಾರಿ ಎಂದೆ. ಅವರು ಒಂದೂಕಾಲು ಗಂಟೆಯ ಹೊಣೆ ಎಂದರು. ಅವರೇ ಸರಿ.

ಅವರ ಕೈಗಳಿಗೆ ನಾನು ಕೃತಜ್ಞ. ಮುಖ ಕಾಣದ ಆ ಕೈಗಳನ್ನು ಕಾಪಾಡು. ನಿದ್ದೆಗೆಟ್ಟು ನಟ್ಟು ಬಿಗಿಯುವವನ ಕಣ್ಣಿಗೆ ತಂಪು ಕೊಡು. ಹವಾಮಾನ ನೋಡುವವಳ ಮಾತನ್ನು ಯಾರೂ ಅವಸರದಲ್ಲಿ ತಳ್ಳಿಹಾಕದಿರಲಿ. ಈ ನಿಲ್ದಾಣಕ್ಕೆ ನೆಲ ಬಿಟ್ಟುಕೊಟ್ಟವರನ್ನು ನೆನಪಿನಲ್ಲಿಡು. ಅವರು ಉಳುತ್ತಿದ್ದ ಮಣ್ಣಿನ ಮೇಲೆ ನಮ್ಮ ಒಂದೂಕಾಲು ಗಂಟೆ ಇಳಿಯುತ್ತದೆ.

ಇನ್ನು ನನ್ನ ನಾಲ್ಕು ತಾಲ್ಲೂಕುಗಳನ್ನು ನಿನ್ನೆದುರು ನಿಲ್ಲಿಸುತ್ತೇನೆ.

ನಮ್ಮ ಜಿಲ್ಲೆಗೆ ವಿಮಾನ ನಿಲ್ದಾಣವಿಲ್ಲ. ನೆರೆಯ ಜಿಲ್ಲೆಯ ನಿಲ್ದಾಣವೇ ನಮಗೂ ಸರಿ. ನೇರ ಗೆರೆಯಲ್ಲಿ ಸೋಗಾನೆಗೆ ನ್ಯಾಮತಿಯಿಂದ ಮೂವತ್ತಕ್ಕೂ ಮಿಕ್ಕಿ ಕಿಲೋಮೀಟರ್. ಚನ್ನಗಿರಿಯಿಂದ ನಲವತ್ತರ ಹತ್ತಿರ. ಹೊನ್ನಾಳಿಯಿಂದ ನಲವತ್ತು ದಾಟುತ್ತದೆ. ಜಗಳೂರಿನಿಂದ ನೂರನ್ನೂ ಮೀರುತ್ತದೆ. ರಸ್ತೆ ನೇರ ಹೋಗುವುದಿಲ್ಲವಾದ್ದರಿಂದ ಎಲ್ಲಕ್ಕೂ ಇನ್ನಷ್ಟು ಸೇರಿಸಿಕೊಳ್ಳಬೇಕು. ಮೊದಲ ಮೂರು ಊರಿನವರು ಬೆಳಿಗ್ಗೆ ತಿಂಡಿ ಮುಗಿಸಿ ಹೊರಟು ವಿಮಾನ ಹಿಡಿದಾರು. ಅಡಿಕೆಗೆ ಬೆಲೆ ಬಂದ ವರ್ಷ ಚನ್ನಗಿರಿಯ ರೈತ ತನ್ನ ವಯಸ್ಸಾದ ತಾಯಿಯನ್ನು ಒಮ್ಮೆ ಮೋಡದ ಮೇಲೆ ಕೂರಿಸಿ ಬರಬೇಕೆಂದು ಆಸೆಪಟ್ಟಾನು. ಆ ಆಸೆ ಸಣ್ಣದು, ಅದನ್ನು ನಡೆಸಿಕೊಡು. ಸೂಳೆಕೆರೆಯ ನೀರು, ಸಂತೇಬೆನ್ನೂರಿನ ಪುಷ್ಕರಣಿ ಬಿಟ್ಟು ಬೇರೆ ಬೆರಗು ನೋಡದ ಕಣ್ಣು ಆ ತಾಯಿಯದು. ಕಿಟಕಿಯ ಪಕ್ಕದ ಸೀಟು ಅವಳಿಗೇ ಸಿಗಲಿ.

ಜಗಳೂರಿಗೆ ಏನು ಹೇಳಲಿ? ಅಲ್ಲಿಯವರು ನನ್ನನ್ನು ವಿಮಾನದ ಹೊತ್ತು ಕೇಳುವುದಿಲ್ಲ. ಮಳೆಯ ಹೊತ್ತು ಕೇಳುತ್ತಾರೆ. ನನ್ನ ಬಳಿ ಉತ್ತರವಿಲ್ಲ. ಭದ್ರಾ ಜಲಾಶಯದಿಂದ ಜಗಳೂರಿಗೆ ನೇರ ಗೆರೆಯಲ್ಲಿ ಸುಮಾರು 118 ಕಿಲೋಮೀಟರ್. ಅದೇ ಎಟಿಆರ್ ಆ ದೂರವನ್ನು ಕಾಲು ಗಂಟೆಯೊಳಗೆ ದಾಟೀತು. ಭದ್ರಾ ಮೇಲ್ದಂಡೆ ಯೋಜನೆಯ ನೀರು ಎಷ್ಟೋ ವರ್ಷಗಳಿಂದ ದಾರಿಯಲ್ಲೇ ಇದೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಅದಕ್ಕೆ 5,300 ಕೋಟಿ ರೂಪಾಯಿಯ ಮಾತು ಬಂತು. ಮಾತಿಗೂ ನೀರಿಗೂ ನಡುವೆ ಎಷ್ಟು ಹೊತ್ತು ಎಂದು ಯಾವ ವೇಳಾಪಟ್ಟಿಯಲ್ಲೂ ಬರೆದಿಲ್ಲ. ತುಂಗಭದ್ರೆಯಿಂದ ಪಂಪು ಮಾಡಿ ಜಗಳೂರು ಸೀಮೆಯ ಕೆರೆಗಳನ್ನು ತುಂಬಿಸುವ ಇನ್ನೊಂದು ಯೋಜನೆಯಿಂದ ಒಣಗಿದ ಬಾಯಿಗಳಿಗೆ ಸ್ವಲ್ಪ ಆಸೆ ಮೂಡಿದೆ. ಅದಕ್ಕೆ ನಿನಗೆ ನಮಸ್ಕಾರ. ಉಳಿದದ್ದಕ್ಕೆ ಮೊರೆ.

ನೋಡು ತಂದೆ, 118 ಕಿಲೋಮೀಟರ್ ನಿನ್ನದು. ಅದನ್ನು ನೀನು ಹೆಚ್ಚು ಮಾಡಲಿಲ್ಲ. ವರ್ಷಗಳು ನಮ್ಮವು. ರಂಗಯ್ಯನದುರ್ಗದ ಕುರುಚಲು ಕಾಡಿನಲ್ಲಿ ನಾಲ್ಕು ಕೊಂಬಿನ ಕೊಂಡುಕುರಿಗೆ ಇಬ್ಬನಿಯನ್ನಾದರೂ ಇಟ್ಟು ಕಾಯುತ್ತೀಯ. ನಮ್ಮ ಕಚೇರಿಗಳಿಗೆ ಅಷ್ಟು ಕರುಣೆ ಕಲಿಸು. ಒಂದು ಸಹಿ ತಡವಾದರೆ ಎಲ್ಲೋ ಒಂದು ಬೋರ್‌ವೆಲ್ ಇನ್ನೂ ಆಳಕ್ಕೆ ಇಳಿಯುತ್ತದೆ, ಎಲ್ಲೋ ಒಂದು ಮನೆಯ ಸಾಲ ಏರುತ್ತದೆ. ಇದು ಸಹಿ ಹಾಕುವ ಕೈಗೆ ತಿಳಿಯಲಿ.

ಈಗ ನನ್ನ ಎದೆಯಲ್ಲಿ ಭಾರವಾಗಿ ಕೂತಿರುವುದನ್ನು ಹೇಳುತ್ತೇನೆ.

ಚನ್ನಗಿರಿ ತಾಲ್ಲೂಕಿನ ಅಸ್ತಾಪನಹಳ್ಳಿ ನಿನಗೆ ಗೊತ್ತು. ಅಲ್ಲಿ ಹಕ್ಕಿಪಿಕ್ಕಿ ಜನ ಇದ್ದಾರೆ. ಮನೆಯೊಳಗೆ ಅವರದೇ ವಾಗ್ರಿ ಮಾತು, ಹೊರಗೆ ನಮ್ಮ ಕನ್ನಡ. ಹಿಂದೆ ಕಾಡಿನಲ್ಲಿ ಬೇಟೆಯಾಡಿ ಬದುಕುತ್ತಿದ್ದವರು. ಬೇಟೆಗೆ ಕಾನೂನಿನ ತಡೆ ಬಂದಾಗ ಬೇರು, ಗಿಡಮೂಲಿಕೆ, ತಲೆಗೂದಲಿನ ಎಣ್ಣೆ ಹಿಡಿದು ಊರೂರು ಅಲೆದರು. ಆಮೇಲೆ ಸಮುದ್ರ ದಾಟಿದರು. ಆಫ್ರಿಕಾದ ಊರುಗಳಲ್ಲಿ ಕೋಣೆ ಬಾಡಿಗೆ ಹಿಡಿದು ಎಣ್ಣೆ ಮಾರಿದರು. ನಮ್ಮ ಕಾಲೇಜು ಮುಗಿಸಿದ ಹುಡುಗರು ವೀಸಾ ಎಂದರೆ ಬೆವರುವಾಗ, ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಆ ಹೆಣ್ಣುಮಕ್ಕಳು ಮಗುವನ್ನು ಸೊಂಟಕ್ಕೇರಿಸಿಕೊಂಡು ಎರಡೆರಡು ವಿಮಾನ ಬದಲಾಯಿಸಿ ಹೋದರು. ಅವರ ಧೈರ್ಯ ನೀನೇ ಕೊಟ್ಟದ್ದಲ್ಲವೇ?

2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಸೈನ್ಯಕ್ಕೂ ಅರೆಸೈನಿಕ ಪಡೆಗೂ ಕಾಳಗ ಹತ್ತಿತು. ಖಾರ್ಟೂಮಿನ ವಿಮಾನ ನಿಲ್ದಾಣವೇ ರಣರಂಗವಾಯಿತು. ನಿಂತ ವಿಮಾನಗಳು ಉರಿದವು. ಖಾರ್ಟೂಮಿನಿಂದ ಬೆಂಗಳೂರಿಗೆ ನೇರ ಗೆರೆಯಲ್ಲಿ ಸುಮಾರು 4,860 ಕಿಲೋಮೀಟರ್. ಹಿಂದಿನ ವಾರ ಒಂದು ದಿನದೊಳಗೆ ಮುಗಿಯಬಹುದಾಗಿದ್ದ ದಾರಿ ಅದು. ಆ ಬೆಳಿಗ್ಗೆಯೂ ಅದು 4,860 ಕಿಲೋಮೀಟರೇ. ಆದರೆ ಎಷ್ಟು ಹೊತ್ತು ಎಂದು ಕೇಳಿದರೆ ಹೇಳುವವರೇ ಇಲ್ಲ.

ಖಾರ್ಟೂಮಿನಲ್ಲಿ, ದೂರದ ಎಲ್ ಫಾಶರಿನಲ್ಲಿ ನಮ್ಮ ಹಕ್ಕಿಪಿಕ್ಕಿಗಳು ಬಾಡಿಗೆ ಕೋಣೆಗಳಲ್ಲಿ ಬಾಗಿಲು ಹಾಕಿಕೊಂಡು ಕೂತರು. ನೀರಿಲ್ಲ, ಅನ್ನವಿಲ್ಲ, ಹೊರಗೆ ಗುಂಡು. ಫೋನಿನಲ್ಲಿ ಚಾರ್ಜು ಇದ್ದಷ್ಟು ಹೊತ್ತು ಊರಿನೊಡನೆ ಮಾತು. ಈ ಕಡೆ ಅಸ್ತಾಪನಹಳ್ಳಿಯಲ್ಲಿ ತಾಯಂದಿರು ಒಲೆ ಹಚ್ಚಲು ಮನಸ್ಸಿಲ್ಲದೆ ಕೂತರು. ಎಲ್ ಫಾಶರಿನಂಥ ಊರಿನಿಂದ ಸಮುದ್ರದ ದಂಡೆ ಸಾವಿರ ಕಿಲೋಮೀಟರಿಗೂ ಆಚೆ. ಆ ದಿನಗಳಲ್ಲಿ ಅವರು ನಿನ್ನನ್ನು ಯಾವ ಹೆಸರಿನಿಂದ ಕರೆದರೋ ನಾನರಿಯೆ. ನೀನು ಓಗೊಟ್ಟೆ ಎಂಬುದಷ್ಟೇ ಗೊತ್ತು.

ನೀನು ಓಗೊಟ್ಟದ್ದು ಮನುಷ್ಯರ ಕೈಯಿಂದಲೇ. ಏಪ್ರಿಲ್ 24ರಂದು ಸರ್ಕಾರ ಕಾರ್ಯಾಚರಣೆಯೊಂದನ್ನು ಸಾರಿತು. ಅದಕ್ಕೆ ಕಾವೇರಿಯ ಹೆಸರು. ಖಾರ್ಟೂಮಿನಿಂದ ಪೋರ್ಟ್ ಸುಡಾನಿಗೆ ರಸ್ತೆಯಲ್ಲಿ ಎಂಟುನೂರು ಕಿಲೋಮೀಟರಿಗೂ ಮಿಕ್ಕಿ ಬಸ್ಸಿನಲ್ಲಿ ಮರುಭೂಮಿ ದಾಟಿಸಿದರು. ಅಲ್ಲಿಂದ ಜೆಡ್ಡಾಗೆ ಕೆಂಪು ಸಮುದ್ರದ ಮೇಲೆ ನೌಕಾಪಡೆಯ ಹಡಗು. ಐಎನ್ಎಸ್ ಸುಮೇಧಾ ಮೊದಲ ತಂಡದಲ್ಲಿ 278 ಜನರನ್ನು ಹತ್ತಿಸಿಕೊಂಡಿತು. ವಾಯುಪಡೆಯ ವಿಮಾನವೊಂದು ಖಾರ್ಟೂಮಿನ ಉತ್ತರಕ್ಕೆ ವಾದಿ ಸಯ್ಯಿದ್ನಾ ಎಂಬ ಕಡೆ, ದೀಪವಿಲ್ಲದ ಸಣ್ಣ ಓಡುದಾರಿಯಲ್ಲಿ, ಕತ್ತಲಲ್ಲೂ ಕಾಣುವ ಕನ್ನಡಕ ಹಾಕಿಕೊಂಡ ಪೈಲಟ್‌ಗಳ ಕೈಯಲ್ಲಿ ಇಳಿದು 121 ಜನರನ್ನು ಎತ್ತಿಕೊಂಡು ಬಂತು. ಏಪ್ರಿಲ್ 28ರಂದು ಜೆಡ್ಡಾದಿಂದ 362 ಜನರ ವಿಮಾನ ಬೆಂಗಳೂರಿನಲ್ಲಿ ಇಳಿಯಿತು. ಅವರಲ್ಲಿ ಹಕ್ಕಿಪಿಕ್ಕಿಗಳೂ ಇದ್ದರು. ಜೆಡ್ಡಾ ಮತ್ತು ಬೆಂಗಳೂರಿನ ನಡುವೆ ಸುಮಾರು 4,180 ಕಿಲೋಮೀಟರ್. ಕಾಳಗ ಹತ್ತಿದ ದಿನದಿಂದ ಆ ದಿನಕ್ಕೆ ಹದಿಮೂರು ದಿನ.

ಇಳಿದ ಮೇಲೂ ಕೆಲವರು ಮನೆ ಮುಟ್ಟಲಿಲ್ಲ. ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳದವರನ್ನು ಕೆಲವು ದಿನ ಬೆಂಗಳೂರಿನಲ್ಲೇ ಬೇರೆ ಇರಿಸಿದರು. ನಿಯಮ ಸರಿಯೇ. ಆದರೂ ತಾಯಿಗೆ ಆ ದಿನಗಳು ಎಷ್ಟು ಉದ್ದ ಎಂದು ನಿನಗೇ ಗೊತ್ತು.

ಬಸ್ಸು ಓಡಿಸಿದವನಿಗೆ ನನ್ನ ನಮಸ್ಕಾರ ಮುಟ್ಟಿಸು. ಹಡಗಿನ ಡೆಕ್ಕಿನ ಮೇಲೆ ಮಕ್ಕಳಿಗೆ ಬಿಸ್ಕತ್ತು ಹಂಚಿದ ನಾವಿಕನಿಗೆ ಮುಟ್ಟಿಸು. ಪಟ್ಟಿ ಬರೆದುಕೊಂಡು ಒಬ್ಬೊಬ್ಬರ ಹೆಸರು ಕೂಗಿದ ಗುಮಾಸ್ತನಿಗೂ ಮುಟ್ಟಿಸು. ಅವರೆಲ್ಲ ಸೇರಿ 4,860 ಕಿಲೋಮೀಟರಿನಲ್ಲಿ ಒಂದು ಮೀಟರನ್ನೂ ಕಡಿಮೆ ಮಾಡಲಿಲ್ಲ. ಯಾರಿಗೂ ಅದು ಆಗದ ಕೆಲಸ. ಹೊತ್ತನ್ನಷ್ಟೇ ಕಡಿಮೆ ಮಾಡಿದರು. ಮನುಷ್ಯನಿಗೆ ನೀನು ಬಿಟ್ಟಿರುವುದೂ ಅಷ್ಟೇ. ಅಷ್ಟರಲ್ಲೇ ಜೀವ ಉಳಿಯಿತು.

ಇನ್ನೊಂದು ಮೊರೆಯೂ ಇದೆ. ನಮ್ಮವರಿಗೆ ಹಿಂದಿರುಗಲು ಒಂದು ಬೆಂಗಳೂರು ಇತ್ತು. ಆ ಖಾರ್ಟೂಮಿನವರಿಗೆ, ಆ ಎಲ್ ಫಾಶರಿನವರಿಗೆ ಅದೇ ಊರು. ಅವರನ್ನು ಕರೆದೊಯ್ಯಲು ಎಲ್ಲಿಂದ ವಿಮಾನ ಬರಬೇಕು? ನಮ್ಮ ಹೆಣ್ಣುಮಕ್ಕಳಿಂದ ಎಣ್ಣೆ ಕೊಂಡ ಕೈಗಳವು. ಅವರ ಹೆಸರು ನನಗೆ ಗೊತ್ತಿಲ್ಲ. ನಿನಗೆ ಗೊತ್ತಿದೆ ಎಂಬ ನಂಬಿಕೆಯಲ್ಲಿ ಕೇಳುತ್ತಿದ್ದೇನೆ. ಅವರನ್ನು ಬಿಡಬೇಡ.

ತಂದೆ, ಬಂದೂಕು ಹಿಡಿದವರೂ ಹೊತ್ತನ್ನು ಹಿಗ್ಗಿಸಿದರು, ಸಹಿ ಹಾಕದವರೂ ಹಿಗ್ಗಿಸುತ್ತಾರೆ. ಎರಡೂ ಒಂದೇ ಎನ್ನಲಾರೆ. ಆದರೆ ಕಾಯುವವರ ಕಡೆಯಿಂದ ನೋಡಿದರೆ ಎರಡರಲ್ಲೂ ತಮ್ಮ ಹೊತ್ತು ಬೇರೆಯವರ ಕೈಯಲ್ಲಿ ಸಿಕ್ಕಿಕೊಂಡಿದೆ. ನನ್ನ ಕೈಯಲ್ಲಿ ಯಾರ ಹೊತ್ತು ಸಿಕ್ಕಿಕೊಂಡಿದೆಯೋ ತೋರಿಸು.

ಹೊರದೇಶದ ಮಕ್ಕಳ ಮಾತನ್ನೂ ಹೇಳಿಬಿಡುತ್ತೇನೆ. 2021ರ ಜನವರಿ 11ರಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಬಂದಿಳಿಯಿತು. ಎರಡೂ ಊರುಗಳ ನಡುವೆ ಹೆಚ್ಚುಕಡಿಮೆ 14,000 ಕಿಲೋಮೀಟರ್. ಉತ್ತರ ಧ್ರುವದ ಮೇಲಿಂದ ಹಾರಿ, ಸುಮಾರು ಹದಿನೇಳು ಗಂಟೆಯಲ್ಲಿ. ನಡೆಸಿದವರೆಲ್ಲ ಹೆಣ್ಣುಮಕ್ಕಳು, ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳು. ಅಷ್ಟು ಮೇಲೆ ಹೋಗಿ ಬಂದ ದಾರಿಯೇ ಹತ್ತಿರದ ದಾರಿ ಎಂದು ನಾನು ಗ್ಲೋಬಿಗೆ ದಾರ ಹಿಡಿದು ನೆರೆಮನೆಯ ಹುಡುಗರಿಗೆ ತೋರಿಸಿದೆ. ಹುಡುಗರ ಬಾಯಿ ತೆರೆದಂತೆಯೇ ಇತ್ತು. ನನ್ನದೂ.

ಆದರೆ ಹದಿನೇಳು ಗಂಟೆಯಲ್ಲಿ ಮುಗಿಯದ ದಾರಿಯೂ ಒಂದಿದೆ. ಹೊನ್ನಾಳಿಯ ಕಡೆ ಒಂದು ಮನೆಯಲ್ಲಿ ಹಿರಿಯರು ತೀರಿಕೊಂಡರೆ, ಮಗ ಕ್ಯಾಲಿಫೋರ್ನಿಯಾದಲ್ಲಿದ್ದರೆ, ಈಗ ಪಡಸಾಲೆಯಲ್ಲಿ ಫ್ರೀಜರ್ ಪೆಟ್ಟಿಗೆ ತಂದಿಡುತ್ತಾರೆ. ಕರೆಂಟು ಹೋದೀತೆಂದು ಜನರೇಟರು ತರಿಸುತ್ತಾರೆ. ಮಗನಿಗೆ ಟಿಕೆಟು ಸಿಗಬೇಕು, ರಜೆ ಸಿಗಬೇಕು, ಮತ್ತೆ ಒಳಗೆ ಬಿಡುವರೋ ಇಲ್ಲವೋ ಎಂಬ ವೀಸಾದ ಅಂಜಿಕೆ ಕಳೆಯಬೇಕು. ಬೆಂಗಳೂರಿನಲ್ಲಿ ಇಳಿದು ಕಾರು ಹಿಡಿಯಬೇಕು. ಅಷ್ಟು ಹೊತ್ತೂ ನಂಟರು ಗಡಿಯಾರ ನೋಡುತ್ತಾರೆ. “ಎಲ್ಲಿ ಬಂದಾನಂತೆ?” ಎಂದು ಒಬ್ಬರು. “ತುಮಕೂರು ದಾಟ್ಯಾನಂತೆ” ಎಂದು ಇನ್ನೊಬ್ಬರು. ಹೊತ್ತು ಮುಳುಗುವ ಮುಂಚೆ ಮಣ್ಣು ಮಾಡಬೇಕು. ಕೆಲವರು ಬಂದು ಮುಟ್ಟುತ್ತಾರೆ. ಕೆಲವರು ಬರಲಾಗದೆ ಮೊಬೈಲಿನಲ್ಲಿ ನೋಡಿ ಅಳುತ್ತಾರೆ.

ಬಂದು ಮುಟ್ಟಿದವರ ಪರವಾಗಿ ನಿನಗೆ ವಂದನೆ. ಅಪ್ಪನ ಹಣೆಗೆ ವಿಭೂತಿ ಹಚ್ಚುವಷ್ಟು ಹೊತ್ತು ಅವರಿಗೆ ಸಿಕ್ಕಿತಲ್ಲ. ಮುಟ್ಟಲಾಗದವರನ್ನು ಊರಿನ ಬಾಯಿಂದ ಕಾಪಾಡು. ಬರಲಿಲ್ಲವೆಂದು ಬೈಯುವ ನಾಲಗೆಗೆ ಅವನ ಆ ರಾತ್ರಿಯನ್ನು ತೋರಿಸು. ಬೇಡಲು ಇನ್ನೂ ಒಂದಿದೆ. ಸತ್ತ ಮೇಲೆ ಓಡಿಬರುವ ಹೊತ್ತಿನಲ್ಲಿ ಸ್ವಲ್ಪವನ್ನು ಬದುಕಿರುವಾಗಲೇ ಬರುವಂತೆ ಮಕ್ಕಳ ಮನಸ್ಸಿಗೆ ಹಾಕು. ಇಲ್ಲಿ ಬೆಳಗಾದಾಗ ಅಲ್ಲಿ ಹಿಂದಿನ ದಿನದ ಸಂಜೆ. ಆ ಸಂಜೆಯಲ್ಲಿ ಒಂದು ಫೋನು ಬರಲಿ. ಫೋನಿಗೆ ಓಡುದಾರಿ ಬೇಡ.

ಇಷ್ಟೆಲ್ಲ ಬೇಗ ಬೇಗ ಎಂದು ಬೇಡಿಕೊಂಡೆ. ಎಲ್ಲ ದಾರಿಯನ್ನೂ ಬೇಗ ಮಾಡು ಎಂದು ಮಾತ್ರ ಬೇಡಲಾರೆ.

ನಮ್ಮ ತಾಲ್ಲೂಕಿನಲ್ಲೇ ಸೂರಗೊಂಡನಕೊಪ್ಪವಿದೆ. 1739ರ ಫೆಬ್ರವರಿ 15ರಂದು ಸಂತ ಸೇವಾಲಾಲರು ಅಲ್ಲಿ ಹುಟ್ಟಿದರೆಂದು ಬಂಜಾರ ಬಂಧುಗಳು ಪ್ರತಿ ವರ್ಷ ನೆರೆಯುತ್ತಾರೆ. ಅವರ ಹಿರಿಯರು ಎತ್ತುಗಳ ಬೆನ್ನ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ದೇಶದ ಉದ್ದಗಲ ನಡೆದವರು. ಎತ್ತು ನಡೆದಷ್ಟೇ ಅವರ ವೇಗ, ಎತ್ತು ನಿಂತಲ್ಲೇ ಅವರ ಊರು. ಇಂದಿಗೂ ಮಾಲೆ ಧರಿಸಿದ ಭಕ್ತರು ದೂರದ ತಾಂಡಾಗಳಿಂದ ಕಾಲ್ನಡಿಗೆಯಲ್ಲಿ ಬರುತ್ತಾರೆ. ಬಸ್ಸಿಗೆ ದುಡ್ಡಿಲ್ಲದೆ ನಡೆಯುವವರಲ್ಲ. ನಡೆಯಬೇಕೆಂದೇ ನಡೆಯುವವರು. ಅವರ ಬೆಲ್ಲದ ಪಾಯಸಕ್ಕೂ ಹಾಡಿಗೂ ಗಂಟೆಯ ಲೆಕ್ಕವಿಲ್ಲ. ನಿನ್ನ ಬೆಟ್ಟಕ್ಕೆ ಹತ್ತುವ ಮುದುಕಿಯೂ ಮೆಟ್ಟಿಲಿಗೊಮ್ಮೆ ಕೂತು, ಉಸಿರು ಬಿಟ್ಟು, ನಿನ್ನ ಹೆಸರು ಹೇಳಿ ಮತ್ತೆ ಏಳುತ್ತಾಳೆ. ಅವಳಿಗೆ ರೋಪ್‌ವೇ ಬೇಕೇ ಎಂದು ಕೇಳು, ಯಾಕಪ್ಪಾ ಎಂದಾಳು.

ಅವರ ನಿಧಾನವನ್ನು ಅವರಿಗೇ ಬಿಡು. ತಾನಾಗಿ ಆರಿಸಿಕೊಂಡ ನಿಧಾನ ಭಾಗ್ಯ. ಮೇಲಿಂದ ಹೇರಿದ ನಿಧಾನ ಶಿಕ್ಷೆ. ಒಂದನ್ನು ಇನ್ನೊಂದೆಂದು ತಿಳಿಯದಷ್ಟು ಕಣ್ಣು ನನಗೆ ಕೊಡು. ಜಗಳೂರಿನ ರೈತನಿಗೆ ತಾಳ್ಮೆಯ ಪಾಠ ಹೇಳದಿರುವ ನಾಚಿಕೆ ಕೊಡು. ಕಾಲ್ನಡಿಗೆಯ ಭಕ್ತನಿಗೆ ವೇಗದ ಪಾಠ ಹೇಳದಿರುವ ವಿನಯ ಕೊಡು.

ಇನ್ನು ಬೇಡುವುದು ಸ್ವಲ್ಪವೇ ಉಳಿದಿದೆ.

ನಡುರಾತ್ರಿ ಹೊನ್ನಾಳಿಯಿಂದ ದೊಡ್ಡಾಸ್ಪತ್ರೆಗೆ ಓಡುವ ಆಂಬುಲೆನ್ಸಿಗೆ ದಾರಿ ಬಿಡಿಸು. ವಿಮಾನದ ಹೊತ್ತಿಗಿಂತ ಆ ಹೊತ್ತು ದೊಡ್ಡದು. ನಿಲ್ದಾಣದ ಬಾಗಿಲಲ್ಲಿ ಇಂಗ್ಲಿಷು ಬಾರದೆ ನಿಂತ ಹೆಂಗಸಿಗೆ ಕನ್ನಡದಲ್ಲಿ “ಈ ಕಡೆ ಬನ್ನಿ ಅಮ್ಮಾ” ಎನ್ನುವ ಒಂದು ದನಿ ಸಿಗಲಿ. ಮೊದಲ ಸಲ ಹಾರುವವನ ಬುತ್ತಿಯ ಗಂಟನ್ನು ನೋಡಿ ಯಾರೂ ನಗದಿರಲಿ. ಅಸ್ತಾಪನಹಳ್ಳಿಯಿಂದ ಮತ್ತೆ ಹೊರಡುವವರನ್ನು ಹೋಗಬೇಡಿ ಎನ್ನುವ ಹಕ್ಕು ನನಗಿಲ್ಲ. ಇಲ್ಲೇ ಹೊಟ್ಟೆ ತುಂಬಿದ್ದರೆ ಅವರು ಅಷ್ಟು ದೂರ ಹೋಗುತ್ತಿರಲಿಲ್ಲ. ಅವರು ಹೋಗುವ ದೇಶಗಳಲ್ಲಿ ಶಾಂತಿ ಇರಲಿ, ಅವರಿಗೆ ಲಸಿಕೆ ಇರಲಿ, ರಾಯಭಾರ ಕಚೇರಿಯ ಫೋನ್ ನಂಬರು ಸೆರಗಿನಲ್ಲಿರಲಿ.

ನನಗಾಗಿಯೂ ಒಂದು ಕೇಳಿಕೊಳ್ಳಲೇ? ಯೋಜನೆ ಮಾಡುವವನಲ್ಲ ನಾನು, ಓಡುದಾರಿ ಕಟ್ಟುವವನೂ ಅಲ್ಲ. ನನ್ನಿಂದಾಗುವುದು ಸಣ್ಣದು. ಪಾಸ್‌ಪೋರ್ಟ್ ಅರ್ಜಿಯಲ್ಲಿ ಹೆಸರಿನ ಅಕ್ಷರ ತಪ್ಪದಂತೆ ತುಂಬಿಕೊಡಬಲ್ಲೆ. ಬೋರ್ಡಿಂಗ್ ಪಾಸಿನಲ್ಲಿ ಗೇಟಿನ ನಂಬರು ಎಲ್ಲಿದೆ ಎಂದು ಪೆನ್ನಿನಿಂದ ಸುತ್ತು ಹಾಕಿ ಕೊಡಬಲ್ಲೆ. ಮನೆ ಎಷ್ಟಕ್ಕೆ ಬಿಟ್ಟರೆ ಸೋಗಾನೆಗೆ ಸರಿಹೋದೀತು, ಯಾವ ಬಸ್ಸು ತಪ್ಪಿದರೆ ಯಾವ ಬಸ್ಸು ಎಂದು ಚೀಟಿ ಬರೆದುಕೊಡಬಲ್ಲೆ. ಇಷ್ಟರಲ್ಲಿ ಒಬ್ಬರ ಅರ್ಧ ದಿನ ಉಳಿದರೂ ಸಾಕು, ಅದು ನಿನ್ನ ಪೂಜೆ ಎಂದು ತಿಳಿಯುತ್ತೇನೆ. ಬೇಸರಪಡದೆ ಮಾಡುವ ಬುದ್ಧಿ ಕೊಡು. ಕಣ್ಣು ಇನ್ನೂ ಕೆಲವು ಕಾಲ ಅಕ್ಷರ ಕಾಣುವಷ್ಟಿರಲಿ.

ಗಾಳಿಯನ್ನು ನೀನು ನೋಡಿಕೋ. ಅರ್ಜಿಯನ್ನು ನಾನು ನೋಡಿಕೊಳ್ಳುತ್ತೇನೆ.